ಅಪ್ಪನ ಹೆಸರು ಮುಂದೆಯೇ ಇರಲಿ

ಆದರ್ಶ್,

ಊರಿಗೆ, ಕಾರಮಡೈಗೆ ಹೊರಟಿದ್ದೇನೆ. ನಾಳೆ ಅಪ್ಪನ ತಿಥಿ ಕಾರ್ಯಕ್ಕೆ ನೀನು ಬೆಳಿಗ್ಗೆಯೇ ಬಾ. ಇಲ್ಲಿಂದ ಬಾಳೆಎಲೆ ಹೊತ್ತು ತರಬೇಡ, ಅಪ್ಪನ ತೋಟದಲ್ಲೇ ಇದೆ.

ಹಾಲು ಕಾಯಿಸಿಟ್ಟಿದ್ದೇನೆ.

ನನ್ನ ಪೇಪರಿನ ಪ್ರೂಫ್ ಇವತ್ತೇ ಜರ್ನಲ್‌ಗೆ ವಾಪಸ್ ಹೋಗಬೇಕು. ನನಗೆ ಅಕ್ಷರವೇ ಕಾಣುತ್ತಿಲ್ಲ, ನೀನೇ ನೋಡು. ಕೊನೆಯಲ್ಲಿರುವ ಆಕರಗಳ ಪಟ್ಟಿಯಲ್ಲಿ ಕೆಲವು ಕಡೆ ಇಸವಿ ಬಿಟ್ಟುಹೋಗಿದೆ. ಜರ್ನಲ್‌ಗಳ ಹೆಸರು ಇಟಾಲಿಕ್ಸ್‌ನಲ್ಲಿಲ್ಲ. ಸುಮ್ಮನೆ ಕಣ್ಣಾಡಿಸಿ ಆಯ್ತು ಅನ್ನಬೇಡ, ಹೋದ ಸಲ ನೀನು ಹಾಗೇ ಮಾಡಿದ್ದೆ.

ಅದೇ ಪಟ್ಟಿಯಲ್ಲಿ ನನ್ನ ಹಳೆಯ ಪೇಪರ್ ಇರುವ ಸಾಲು ‘ಮಾಯಣ್ಣ, ಎಸ್.’ ಎಂದು ಶುರುವಾಗುತ್ತದೆ. ಅದನ್ನು ಕಳಿಸುವಾಗ ಸರ್‌ನೇಮ್ ಕಾಲಂ ಖಾಲಿ ಬಿಡಲು ಆಗದೆ, ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು ತುಂಬಿದ್ದೆ. ಸುಗನ್ಯಾ ಅನ್ನುವ ನಾನು ‘ಎಸ್.’ ಎಂಬ ಒಂದೇ ಅಕ್ಷರವಾಗಿ ಹಿಂದೆ ಬಿದ್ದೆ. ಆಸ್ಪತ್ರೆಯಲ್ಲಿ ಆ ಸಾಲು ತೋರಿಸಿದಾಗ ಅಪ್ಪನಿಗೆ ನಾಚಿಕೆಯಾಗಿತ್ತು.

“ಓದ್ದೋಳು ನೀನು ಕಣ್ಣು, ನನ್ ಹೆಸ್ರು ಎದಕ್ಕೆ ಮುಂದೆ? ಮಾತ್ತಿಬುಡು” ಅಂದಿದ್ದರು.

ಸರಿ, ಬದಲಿಸುತ್ತೇನೆ ಅಂದಿದ್ದೆ. ತಿದ್ದಲು ನಿನಗೂ ಹೇಳಿದ್ದೆ.

ತಿದ್ದಬೇಡ. ಕಾರಮಡೈ ಮನೆಗೆ ನನ್ನನ್ನು ಹುಡುಕಿಕೊಂಡು ಬಂದವರೂ ಬಾಗಿಲಲ್ಲಿ ನಿಂತು ಮೊದಲು ಅಪ್ಪನ ಹೆಸರನ್ನೇ ಕೂಗುತ್ತಿದ್ದರು. ಅಲ್ಲಿ ಇನ್ನು ಯಾರೂ ಕೂಗುವುದಿಲ್ಲ. ಈ ಪಟ್ಟಿಯಲ್ಲಾದರೂ ನನ್ನನ್ನು ಹುಡುಕುವವರು ಮೊದಲು ಅಪ್ಪನನ್ನು ಕರೆಯಲಿ.

ಸುಗನ್ಯಾ