ಟ್ಯಾಗರ್ಟರ ಗದ್ದ

ಫಾಲಿಂಗ್ ಕ್ರೀಕ್, ವರ್ಜೀನಿಯಾ
ಶುಕ್ರವಾರ, ೧೪ ಜೂನ್ ೧೯೭೪

ಪ್ರೀತಿಯ ತಮ್ಮ ವೆಂಡೆಲ್‌ಗೆ,

ಅಡುಗೆಮನೆಯ ಮೇಜಿನ ಒಂದು ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಉಳಿದ ಮೂರು ಮೂಲೆಗಳಲ್ಲಿ ನಿನ್ನ ಅತ್ತಿಗೆ ನೆಟ್ಟಿ ಮಾಡಿದ ಪೈಗಳು ಆರುತ್ತಿವೆ. ನಾಡಿದ್ದು ಭಾನುವಾರ ಟ್ಯಾಗರ್ಟ್ ವಂಶದವರ ಕೂಟ. ನನ್ನ ಬಲ ಮೊಣಕಾಲೊಂದನ್ನು ಬಿಟ್ಟರೆ ಮನೆಯಲ್ಲಿ ಎಲ್ಲರೂ ಕ್ಷೇಮ.

ನಿನ್ನ ಕಾಗದ ಮಾರ್ಚ್‌ನಲ್ಲೇ ಬಂತು. ತಡವಾದದ್ದಕ್ಕೆ ಬೈಯಬೇಡ. "ನನ್ನ ಹೆಣದ ಚಿಂತೆ ಬಿಡಣ್ಣ, ಇಲ್ಲೇ ಕೊಲಂಬಸ್‌ನಲ್ಲಿ ಒಂದು ಜಾಗ ನೋಡಿದೀನಿ, ಹಿಂದೆ ಟೈರ್ ಅಂಗಡಿ, ಮುಂದೆ ಹೆದ್ದಾರಿ, ಒಂಟಿ ಮನುಷ್ಯನಿಗೆ ಹೊತ್ತು ಹೋಗತ್ತೆ" ಎಂದು ಬರೆದಿದ್ದೆಯಲ್ಲ, ಅದಕ್ಕೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಈಗ ತಿಳಿದಿದೆ. ಆ ಜಾಗಕ್ಕೆ ಸಹಿ ಹಾಕಬೇಡ.

ಗುಡ್ಡದ ಮೇಲಿನ ನಮ್ಮ ಸ್ಮಶಾನದಲ್ಲಿ ಅಮ್ಮನ ಎಡಕ್ಕೆ ಒಂದು ಜಾಗ ಖಾಲಿ ಇದೆ. ಹಿರಿಮಗನೆಂದು ಅದು ನನ್ನ ಹೆಸರಿಗಿದೆ. ಅದನ್ನು ವೆಂಡೆಲ್‌ಗೆ ಬಿಟ್ಟುಕೊಡುತ್ತೇನೆ ಎಂದು ಹೋದ ವರ್ಷದ ಕೂಟದಲ್ಲಿ ನಾನು ಹೇಳಿದಾಗ ಯೂಲಾ ಅತ್ತೆ ಏನಂದಳೆಂದು ನಿನಗೆ ಬರೆದಿರಲಿಲ್ಲ. ಸ್ಮಶಾನದ ಗೇಟಿನ ಕೀಲಿಯನ್ನು ಅವಳು ರಿಬ್ಬನ್ನಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಾಳಲ್ಲ, ಅದನ್ನು ಹಿಡಿದುಕೊಂಡು ಅಂದಳು: "ಸಾಕುಮಗ ಸಾಕುಮಗನೇ ಕಣೋ ಎಲ್ಡನ್. ಒಳ್ಳೆ ಹುಡುಗ, ಇಲ್ಲ ಅನ್ನಲ್ಲ. ಆದ್ರೆ ಅವನ ಗದ್ದ ನೋಡು."

ನಿನ್ನ ಗದ್ದ ಮೊಟ್ಟೆಯ ಹಾಗೆ ನುಣ್ಣಗಿದೆ. ಅದರಲ್ಲಿ ನಿನ್ನ ತಪ್ಪೇನಿದೆ? ನಮ್ಮಲ್ಲಿ ಮಗು ಹುಟ್ಟಿದರೆ ಬೆರಳು ಎಣಿಸುವ ಮೊದಲು ಗದ್ದದ ಗುಳಿ ಹುಡುಕುತ್ತಾರೆ. ಗುಳಿ ಇದ್ದರೆ ಮೂಲಪುರುಷ ಗಿಡಿಯನ್ ಟ್ಯಾಗರ್ಟನ ರಕ್ತ. ಗಿಡಿಯನ್ ರಕ್ತದವರು ಮತ್ತು ಅವರ ಗಂಡ ಹೆಂಡಿರು ಮಾತ್ರ ಸ್ಮಶಾನದ ಬೇಲಿಯೊಳಗೆ.

ಮುಂದಿನ ಕಥೆಯೆಲ್ಲ ಶುರುವಾದದ್ದು ಅತ್ತೆಯಿಂದಲೇ. ದೇಶಕ್ಕೆ ಇನ್ನೂರು ವರ್ಷ ತುಂಬುತ್ತಿದೆ, ನಾವು ಅದಕ್ಕಿಂತ ಹಳಬರೆಂದು ಊರಿಗೆ ತೋರಿಸಬೇಕು, ಗಿಡಿಯನ್‌ನ ವಂಶಾವಳಿಯನ್ನು ಚೌಕಟ್ಟು ಹಾಕಿಸಿ ಚರ್ಚಿನಲ್ಲಿ ತೂಗುಹಾಕಬೇಕು. "ನೀನು ರಿಟೈರ್ ಆಗಿ ನೆಟ್ಟಿಗೆ ಅಡ್ಡಡ್ಡ ಓಡಾಡ್ಕೊಂಡಿದೀಯ, ಕೋರ್ಟಿಗೆ ಹೋಗಿ ಹಳೇ ಕಾಗದ ನೋಡು" ಎಂದಳು. ನೆಟ್ಟಿ ಆ ಕ್ಷಣವೇ ಟೋಪಿ ತಂದುಕೊಟ್ಟಳು.

ದಫ್ತರಖಾನೆಯಲ್ಲಿ ಮಿಸೆಸ್ ಪ್ರಿಲಾಮನ್ ಎಂಬಾಕೆ ಇದ್ದಾರೆ. ನನಗೆ ಕೈ ತೊಳೆಸಿ ಒಳಗೆ ಬಿಟ್ಟು, ಆಮೇಲೆ ತಾವು ಮಾತ್ರ ಕಡಲೆಕಾಯಿ ತಿನ್ನುತ್ತ ಪುಟ ತಿರುಗಿಸುತ್ತಾರೆ. ಮೊದಲ ವಾರ ಸಿಕ್ಕಿದ್ದು ತೋಳದ ತಲೆಗಳು. ಆಗ ತೋಳ ಕೊಂದು ತಲೆ ತಂದುಕೊಟ್ಟರೆ ಕೋರ್ಟು ತಂಬಾಕು ಕೊಡುತ್ತಿತ್ತಂತೆ. ಗಿಡಿಯನ್ ತಂದ ಒಂದು ತಲೆಯನ್ನು ನ್ಯಾಯಾಧೀಶರು ತಿರಸ್ಕರಿಸಿದ್ದಾರೆ. ಅದು ಪಕ್ಕದ ಹೊಲದವನ ನಾಯಿಯದ್ದೆಂದು ಆ ಹೊಲದವನೇ ಬಂದು ಗುರುತು ಹಿಡಿದನಂತೆ.

"ನಿಮ್ಮ ಅಜ್ಜ ಭಾರಿ ಬೇಟೆಗಾರರು" ಎಂದರು ಮಿಸೆಸ್ ಪ್ರಿಲಾಮನ್.

"ಕರಡಿ ಜೊತೆ ಕುಸ್ತಿ ಮಾಡಿದ್ರಂತೆ" ಎಂದೆ.

"ಅದರ ತಲೆ ಇಲ್ಲಿಗೆ ಬಂದಿಲ್ಲ."

ಮೇ ತಿಂಗಳಲ್ಲಿ ಅವರು ಒಂದು ಹಾಳೆ ನನ್ನ ಮುಂದೆ ಸರಿಸಿ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿದರು. ೧೭೫೧ರದ್ದು. ತೀರಿಹೋದ ಹೆನ್ರಿ ಸ್ಪ್ರಾಟನ ಐವರು ಮಕ್ಕಳಿಗೆ, ಅವರ ತಾಯಿ ಮಾರ್ಗರೆಟ್‌ಳನ್ನು ಈಗ ಮದುವೆಯಾಗಿರುವ ಗಿಡಿಯನ್ ಟ್ಯಾಗರ್ಟ್ ಪೋಷಕನಾಗಿ ನಿಂತಿದ್ದಾನೆ ಎಂದು ಬರೆದ ಮುಚ್ಚಳಿಕೆ. ಮಕ್ಕಳ ಹೆಸರು: ಜೇಕಬ್, ಅಬ್ನರ್, ಸುಸಾನಾ, ಈಥನ್, ಕೂಸು ರೂತ್. ವೆಂಡೆಲ್, ಇವೇ ಐದು ಹೆಸರನ್ನಲ್ಲವೇ ಗಿಡಿಯನ್‌ನ ಮಕ್ಕಳೆಂದು ಅತ್ತೆ ನಮಗೆ ಹೊಡೆದು ಬಾಯಿಪಾಠ ಮಾಡಿಸಿದ್ದು? ಗಿಡಿಯನ್‌ಗೆ ಸ್ವಂತ ಮಕ್ಕಳೇ ಇರಲಿಲ್ಲ. ಅವನ ಉಯಿಲೂ ಸಿಕ್ಕಿತು. "ನನ್ನ ಐವರು ಮಕ್ಕಳಿಗೆ" ಎಂದು ಜಮೀನನ್ನು ಸಮನಾಗಿ ಹಂಚಿ, ಓದುಬರಹ ಬಾರದ್ದಕ್ಕೆ ಕೆಳಗೆ ಒಂದು ಗೀಟು ಎಳೆದಿದ್ದಾನೆ.

"ಅಂದ್ರೆ ನಾವು ಟ್ಯಾಗರ್ಟರಲ್ಲ" ಎಂದೆ.

"ಸ್ಪ್ರಾಟರು" ಎಂದರು ಅವರು, ಹೊಸದಾಗಿ ಪರಿಚಯ ಮಾಡಿಸುವವರ ಹಾಗೆ ಕೈ ಕುಲುಕಿ.

ಆದರೂ ನನಗೆ ಗದ್ದದ ಅನುಮಾನ ಹೋಗಲಿಲ್ಲ. ಅದನ್ನೂ ಆಕೆಯೇ ಬಗೆಹರಿಸಿದರು. ಓಡಿಹೋದ ಜೀತದಾಳುಗಳಿಗಾಗಿ ಆಗಿನ ಯಜಮಾನರು ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತಿದ್ದರು. ಒಂದನ್ನು ಹುಡುಕಿ ತರಿಸಿದ್ದಾರೆ. ನಕಲು ನನ್ನ ಜೇಬಿನಲ್ಲೇ ಇದೆ. ಹೀಗಿದೆ: "ಹೆನ್ರಿ ಸ್ಪ್ರಾಟ್ ಎಂಬ ಆಳು ಓಡಿಹೋಗಿದ್ದಾನೆ. ಕುಳ್ಳ, ಬಲು ಬಾಯಾಳಿ, ತಾನು ಹೇಳಿದ್ದೇ ಆಗಬೇಕೆನ್ನುವವನು. ಗದ್ದದ ನಡುವೆ ಹೆಬ್ಬೆರಳ ತುದಿ ಹಿಡಿಸುವಷ್ಟು ಗುಳಿ. ಗುಡ್ಡಗಳ ಕಡೆ ಹೋಗಿರಬಹುದು. ಯಜಮಾನನ ಹೊಸ ಷರಾಯಿ ತೊಟ್ಟಿದ್ದಾನೆ."

ಓದಿ ಮುಗಿಸಿದಾಗ ಕಣ್ಣ ಮುಂದೆ ಸಾಕ್ಷಾತ್ ಯೂಲಾ ಅತ್ತೆ ನಿಂತಿದ್ದಳು. ಷರಾಯಿ ಒಂದು ಬಿಟ್ಟು.

ಮೊನ್ನೆ ಅವಳ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಕೂತು ಹುರುಳಿಕಾಯಿ ಮುರಿಯುತ್ತಿದ್ದಳು. ಕಾಗದಗಳು ಕೋಟಿನ ಒಳಜೇಬಿನಲ್ಲಿದ್ದವು. ತೆಗೆಯಲಿಲ್ಲ. ಸುಮ್ಮನೆ ಕೇಳಿದೆ: "ಅತ್ತೆ, ಗಿಡಿಯನ್ ರಕ್ತ ಅಲ್ಲದವರು ಯಾರಾದ್ರೂ ಈಗಾಗ್ಲೇ ಬೇಲಿಯೊಳಗೆ ಇದ್ರೆ?"

"ತೆಗೆಸ್ತೀನಿ."

"ತುಂಬಾ ಹಳಬರಾಗಿದ್ರೆ?"

"ಹಳಬರಾದ್ರೆ ಹಗುರ ಇರ್ತಾರೆ. ನನ್ನ ಅಪ್ಪನಾದ್ರೂ ಸರಿ, ತೆಗೆಸ್ತೀನಿ. ಯಾಕೆ, ಯಾರಾದ್ರೂ ಸಿಕ್ಕಿದ್ರಾ?"

"ನೋಡ್ತಾ ಇದೀನಿ" ಎಂದು ಎದ್ದುಬಂದೆ.

ಅತ್ತೆಯ ನಿಯಮದಂತೆ ನಡೆದರೆ ಆ ಗುಡ್ಡದ ಮೇಲೆ ಉಳಿಯುವ ಹಕ್ಕಿರುವುದು ಗಿಡಿಯನ್‌ಗೆ ಮತ್ತು ಮಾರ್ಗರೆಟ್‌ಳಿಗೆ. ಮಿಕ್ಕವರೆಲ್ಲ ಗಂಟು ಕಟ್ಟಬೇಕು, ಅತ್ತೆಯ ಅಪ್ಪನೇ ಮೊದಲು.

ನನ್ನ ಉಪಾಯ ಕೇಳು. ಭಾನುವಾರ ಊಟಕ್ಕೆ ಮೊದಲು ಅತ್ತೆಯನ್ನು ಒಬ್ಬಳನ್ನೇ ಕರೆದು ಕಾಗದ ತೋರಿಸುತ್ತೇನೆ. ಅಮ್ಮನ ಪಕ್ಕದ ಜಾಗ ವೆಂಡೆಲ್‌ಗೆ ಎಂದು ಬರೆದುಕೊಟ್ಟರೆ ಇದು ಜೇಬಿಗೆ ವಾಪಸ್ಸು, ಗದ್ದದ ಮರ್ಯಾದೆ ಉಳಿಯುತ್ತದೆ. ಇಲ್ಲವಾದರೆ ಎಲ್ಲರ ಮುಂದೆ ಓದುತ್ತೇನೆ.

ನೆಟ್ಟಿ ಒಲೆಯ ಕಡೆಯಿಂದ ಅಂದಳು: "ಇದಕ್ಕೆ ಬ್ಲ್ಯಾಕ್‌ಮೇಲ್ ಅಂತಾರೆ ಕಣ್ರೀ."

"ವಂಶದ ಇತಿಹಾಸ ಅಂತಾರೆ" ಎಂದೆ.

ನಾವಿಬ್ಬರು ಎಲ್ಲಿಗೆ ಹೋಗುವುದು ಎಂದೂ ಕೇಳಿದಳು. ಬೇಲಿಯ ಪಕ್ಕ ಎರಡು ಜಾಗ ಇವೆ, ಆದರೆ ನಡುವೆ ಅತ್ತೆ ತನಗೆಂದು ಒಂದು ಹಿಡಿದಿಟ್ಟುಕೊಂಡಿದ್ದಾಳೆ ಎಂದೆ. ಆಗಿನಿಂದ ಪೈ ತಟ್ಟೆಗಳ ಸದ್ದು ಜೋರಾಗಿದೆ.

ಮೈ ಜೋಪಾನ. ಓಹಾಯೋದ ಚಳಿಗಾಲ ಮುಗಿದಿದೆಯೆಂದು ಒಳ ಅಂಗಿ ಬಿಡಬೇಡ. ದೇವರು ನಿನ್ನ ತಲೆಯ ಮೇಲೆ ಕೈ ಇಟ್ಟಿರಲಿ, ನಿನ್ನ ನುಣ್ಣನೆಯ ಗದ್ದದ ಮೇಲೂ.

ನಿನ್ನ ಅಣ್ಣ,
ಎಲ್ಡನ್

ತಾ.ಕ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ.

ಆ ಜಾಗ ನಿನಗೇ ಯಾಕೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ಅಮ್ಮನ ಕೊನೆಯ ವಾರ, ನೀನು ಇನ್ನೂ ದಾರಿಯಲ್ಲಿದ್ದೆ. ಅವಳಿಗೆ ಆಗ ಕಣ್ಣು ಪೂರ್ತಿ ಹೋಗಿತ್ತು. "ವೆಂಡೆಲ್, ಬಂದ್ಯಾ?" ಎಂದು ಕರೆದಳು. ನಾನೇ ಹತ್ತಿರ ಹೋಗಿ ಕೂತೆ, ಮಾತಾಡಲಿಲ್ಲ. ಅವಳು ನನ್ನ ಮುಖ ಸವರಿದಳು. ಹಣೆ, ಮೂಗು, ಆಮೇಲೆ ಗದ್ದ. ಬೆರಳು ಗುಳಿಗೆ ಸಿಕ್ಕಿದ್ದೇ ಕೈ ಹಿಂದಕ್ಕೆ ತೆಗೆದುಕೊಂಡಳು. "ಎಲ್ಡನ್ನಾ? ಅವನು ಬಂದ್ರೆ ಎಬ್ಬಿಸಪ್ಪ" ಎಂದು ಗೋಡೆಯ ಕಡೆ ತಿರುಗಿದಳು. ಬೇಕೆಂದು ಅಂದದ್ದಲ್ಲ, ನನಗೆ ಗೊತ್ತು. ಹನ್ನೊಂದು ವರ್ಷದಿಂದ ಕ್ಷೌರ ಮಾಡಿಕೊಳ್ಳುವಾಗ ಆ ಗುಳಿಯ ಹತ್ತಿರ ಬ್ಲೇಡು ಬಂದಾಗಲೆಲ್ಲ ನೆನಪಾಗುತ್ತದೆ.

ಇದನ್ನು ಬರೆದ ಮೇಲೆ ಮೇಲಿನ ಉಪಾಯ ಹಿಡಿಸುತ್ತಿಲ್ಲ. ಹೆದರಿಸಿ ಪಡೆದ ಜಾಗದಲ್ಲಿ ನಿನ್ನನ್ನು ಮಲಗಿಸಲಾರೆ. ಗಿಡಿಯನ್ ಯಾರಿಗೂ ಹೆದರಿ ಆ ಐವರನ್ನು ನನ್ನ ಮಕ್ಕಳು ಎಂದಿರಲಿಲ್ಲ. ಹಾಗಾಗಿ ಅತ್ತೆಯ ಜೊತೆ ಚೌಕಾಸಿ ಇಲ್ಲ. ಭಾನುವಾರ, ಪೈ ಹಂಚಿದ ಮೇಲೆ, ಫೋಟೋಗೆ ನಿಲ್ಲುವ ಮೊದಲು, ಎಲ್ಲರ ಮುಂದೆ ಎದ್ದು ನಿಂತು ಮೊದಲು ಆ ಮುಚ್ಚಳಿಕೆ, ಆಮೇಲೆ ಅವನ ಉಯಿಲು ಓದುತ್ತೇನೆ. ಆಮೇಲೆ ಅತ್ತೆಯ ಮುಂದೆ ಕೈ ಚಾಚಿ ಕೀಲಿ ಕೇಳುತ್ತೇನೆ.