ನೆಲ್ ಏಳಲಿಲ್ಲ

೧೩ ಮಾರ್ಚ್ ೧೯೧೧, ಸೋಮವಾರ. ಲಂಡನ್.

ಶನಿವಾರದ್ದೇ ಇನ್ನೂ ಕೊರೆಯುತ್ತಿದೆ. ಸಂಸತ್ತಿಗೆ ಆರಿಸಿ ಬಂದ ಮೇಲೆ ಮೊದಲ ಸಲ ಊರಿಗೆ ಹೋಗಿದ್ದೆ. ಗುಡ್ಡದಿಂದ ಕುರಿ ಇಳಿಸಿ ತರಲೆಂದು ನೆಲ್‌ಗೆ ಶಿಳ್ಳೆ ಹೊಡೆದೆ. ಮರಿಯಾಗಿದ್ದಾಗಿನಿಂದ ನಾನೇ ಪಳಗಿಸಿದ ನಾಯಿ. ಕಿವಿ ನಿಮಿರಿಸಿತು, ಏಳಲಿಲ್ಲ. ಆಳು ಜೋನಾಸನ ಮುಖ ನೋಡಿತು. ಅವನು ತನ್ನ ಶಿಳ್ಳೆ ಹೊಡೆದದ್ದೇ ತಡ, ಬಾಣದ ಹಾಗೆ ಓಡಿತು.

"ಬೇಜಾರ್ ಮಾಡ್ಕೋಬೇಡಿ ಯಜಮಾನ್ರೇ," ಅಂದ ಜೋನಾಸ್. "ಅದಕ್ಕೆ ಓಟಿಲ್ಲ ನೋಡಿ, ನಿಮ್ ಮಾತು ಯಾಕ್ ಕೇಳುತ್ತೆ?"

ನನ್ನ ಹೆಂಡತಿಯೂ ನಕ್ಕಳು. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ?

ಇವತ್ತು ಸಂಸತ್ತಿನ ಚಹಾ ಕೋಣೆಯಲ್ಲಿ ಒಬ್ಬನೇ ಕೂತಿದ್ದಾಗ ಮತದಾನದ ಗಂಟೆ ಬಾರಿಸಿತು. ಕಪ್ಪನ್ನು ಅಲ್ಲೇ ಬಿಟ್ಟು ಎದ್ದೆ. ಮತ ಹಾಕಲು ಹಾದುಹೋಗುವ 'ಹೌದು', 'ಇಲ್ಲ' ಎಂಬ ಎರಡು ಬಾಗಿಲುಗಳಲ್ಲಿ ಪಕ್ಷದವರು ಕೈ ತೋರಿಸಿದ್ದರೊಳಗೆ ಎಲ್ಲರ ಹಿಂದೆ ನುಗ್ಗಿದೆ. ಯಾವ ಮಸೂದೆ ಎಂದು ಪಕ್ಕದವನನ್ನು ಕೇಳಿದ್ದು ಮತ ಹಾಕಿ ಹೊರಬಂದ ಮೇಲೆ. ಅವನಿಗೂ ಗೊತ್ತಿರಲಿಲ್ಲ.

ನೆಲ್ ಏಳುವ ಮುಂಚೆ ಶಿಳ್ಳೆ ಹೊಡೆದವರು ಯಾರು ಎಂಬುದನ್ನಾದರೂ ನೋಡಿತು. ನಾನು ಅಷ್ಟನ್ನೂ...

ಈಗಷ್ಟೇ, ಈ ಬಾಡಿಗೆ ಕೋಣೆಯಲ್ಲಿ, ಮರೆತಿಲ್ಲ ತಾನೇ ಎಂದು ನನ್ನ ಹಳೆಯ ಶಿಳ್ಳೆಯನ್ನು ಮೆಲ್ಲಗೆ ಹೊಡೆದು ನೋಡಿದೆ. ಪಕ್ಕದ ಕೋಣೆಯವರು ಗೋಡೆ ಗುದ್ದಿದರು.