ರೋಲ್ಫ್ ನಡೆದ ಗೆರೆ

ಮೊಂಟಾನಾ, ಜುಲೈ ೯

ಪ್ರಿಯ ಡ್ವೇನ್,

ನಮ್ಮ ಚಾರಣ ಸಂಘದ ಉಚಿತ ನಕ್ಷೆಯಲ್ಲಿ, ಕಾಪರ್ ದಿಣ್ಣೆಯ ಪೂರ್ವಕ್ಕೆ ನೀನು ಸೇರಿಸಿದ ದಾರಿಯನ್ನು ಇವತ್ತೇ ಅಳಿಸು. ಅದು ದಾರಿಯಲ್ಲ. ಹೋದ ಅಕ್ಟೋಬರ್‌ನಲ್ಲಿ ನನ್ನ ಗಂಡ ರೋಲ್ಫ್ ಹಿಮದಲ್ಲಿ ದಿಕ್ಕುತಪ್ಪಿ ಕೊನೆಯ ಸಲ ನಡೆದ ಜಾಡು. ಆ ಜಾಡು ದಾಖಲಾಗಿದ್ದ ಅವನ ಜಿಪಿಎಸ್ಸನ್ನು ನಿನ್ನ ಕೈಗೆ ಕೊಟ್ಟವಳು ನಾನೇ, ನಿಜ. ಆದರೆ ಇಬ್ಬರಾದರೂ ನಡೆದು ನೋಡದ ಗೆರೆಯನ್ನು ನಕ್ಷೆಗೆ ಏರಿಸಬಾರದೆಂದು ಸಂಘ ೨೦೦೯ರಲ್ಲೇ ತೀರ್ಮಾನಿಸಿತ್ತು. ಅಂದು ನೀನೂ ಕೈಯೆತ್ತಿದ್ದೆ.

ನಿನ್ನೆ ಇಬ್ಬರು ಹುಡುಗಿಯರು ಆ ಗೆರೆ ಹಿಡಿದು ಪ್ರಪಾತದ ಅಂಚಿನವರೆಗೆ ಹೋಗಿ, ಹಿಂದಿರುಗಿ ಬಂದು ನನ್ನ ಬಾಗಿಲು ತಟ್ಟಿದರು. "ನಕ್ಷೇಲಿ ದಾರಿ ಇತ್ತಲ್ಲ ಅಜ್ಜಿ!" ಎಂದರು. ಬಿಸಿ ಸೂಪು ಕೊಟ್ಟು ಕಳಿಸಿದೆ.

"ಕಾಸು ಕೊಟ್ಟು ನಕ್ಷೆ ಕೊಳ್ಳೋರು ಕಾಲು ಸವೆಸದ ಜನ ಕಣೇ" ಎಂದು ರೋಲ್ಫ್ ಹಂಗಿಸುತ್ತಿದ್ದ. ಈಗ ಬೆಟ್ಟಕ್ಕೆ ಹೋಗುವಾಗ ನಾನು ಕಾಸಿನ ನಕ್ಷೆಯನ್ನೇ ಒಯ್ಯುತ್ತೇನೆ. ಅದರಲ್ಲಿ ಆ ಇಳಿಜಾರು ಬರಿದಾಗಿದೆ. ಮನೆಗೆ ಬಂದಮೇಲೆ ಮಾತ್ರ ಉಚಿತ ನಕ್ಷೆ ತೆರೆದು, ಅವನು ಎಲ್ಲೆಲ್ಲಿ ನಿಂತು ತಿರುಗಿದನೆಂದು ನೋಡುತ್ತೇನೆ.

ಗೆರೆ ಅಳಿಸಿದ ಮೇಲೆ ಹೊಸ ನಕ್ಷೆಯನ್ನು ಎಲ್ಲ ಸದಸ್ಯರಿಗೂ ಕಳಿಸು. ನನಗೊಬ್ಬಳಿಗೆ ಮಾತ್ರ ಬೇಡ, ನನ್ನ ಹತ್ತಿರ ಹಳೆಯದೇ ಇರಲಿ.

ಇಂಗ್ರಿಡ್ ಹಾಗನ್